ಸನ್ನದು ಕೊಡುವಾಗ ಇರುವ ನಿಯಮ ಆಮೇಲೆ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ,

ನಮ್ಮ ಓಣಿಯಲ್ಲಿ ಒಬ್ಬ ವಕೀಲರಿದ್ದಾರೆ. ಹೆಂಡತಿಗೆ ಹೊಡೆದ ಕೇಸಿನಲ್ಲಿ ಅವರಿಗೆ ಶಿಕ್ಷೆಯಾಯಿತು, ಅಪೀಲು ಹಾಕಿದರು, ಜಾಮೀನು ಸಿಕ್ಕಿತು, ಮುಂದಿನ ವಾರವೇ ಕರಿಕೋಟು ಹಾಕಿಕೊಂಡು ಕೋರ್ಟಿಗೆ ಹೊರಟರು. ನಾನು ಇದೇನು ಅಂತ ಕೇಳಿದ್ದಕ್ಕೆ ಓಣಿಯ ಹಿರಿಯರು, 'ಅದು ಅವರ ಮನಿ ವಿಷಯ, ವಕೀಲಿಗೂ ಅದಕ್ಕೂ ಏನು ಸಂಬಂಧ?' ಅಂದರು.

ಸಂಬಂಧ ಇದೆ. 1961ರ ವಕೀಲರ ಕಾಯ್ದೆಯ 35ನೇ ಕಲಂ ಓದಿ. ವೃತ್ತಿಯಲ್ಲಿ ಮಾಡಿದ ತಪ್ಪು ಮಾತ್ರ ಅಲ್ಲ, 'ಇತರ ದುರ್ನಡತೆ' ಅಂತಲೂ ಅಲ್ಲಿದೆ. ಅಂದರೆ ಮನೆಯಲ್ಲಿ, ಬೀದಿಯಲ್ಲಿ ಮಾಡಿದ್ದನ್ನೂ ವಕೀಲರ ಪರಿಷತ್ತಿನ ಶಿಸ್ತು ಸಮಿತಿ ಕೇಳಬಹುದು. ಛೀಮಾರಿ ಹಾಕಬಹುದು, ಅಮಾನತು ಮಾಡಬಹುದು, ವಕೀಲರ ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು.

ನನಗೆ ಜಾಸ್ತಿ ಬೇಸರ ತರಿಸುವುದು 24ಎ ಕಲಂ. ಹೀನ ನಡತೆಯ ಅಪರಾಧದಲ್ಲಿ ಶಿಕ್ಷೆಯಾದವರು, ಅಸ್ಪೃಶ್ಯತೆ ಆಚರಿಸಿ ಶಿಕ್ಷೆಯಾದವರು ಹೊಸದಾಗಿ ವಕೀಲರಾಗಲು ಹೋದರೆ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಸಿಗುವುದಿಲ್ಲ, ಬಿಡುಗಡೆಯಾಗಿ ಎರಡು ವರ್ಷ ಕಾಯಬೇಕು. ಕಾಯ್ದೆಯ ಮಾತಿನಲ್ಲಿ ಈ ತಡೆ ಬಾಗಿಲಲ್ಲಿ ಮಾತ್ರ. ಈಗಾಗಲೇ ಒಳಗಿದ್ದವರಿಗೆ ಶಿಕ್ಷೆಯಾದರೆ ಈ ಕಲಂ ಏನೂ ಹೇಳುವುದಿಲ್ಲ! 2016ರಲ್ಲಿ ಮಹಿಪಾಲ್ ಸಿಂಗ್ ರಾಣಾ ಎಂಬ ವಕೀಲರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಕೊರತೆಯನ್ನು ಎತ್ತಿ ತೋರಿಸಿತು, ಒಳಗಿದ್ದವರಿಗೂ ಈ ತಡೆ ಅನ್ವಯಿಸುತ್ತದೆ ಅಂತಲೂ ಹೇಳಿತು. ಮರುವರ್ಷ ಕಾನೂನು ಆಯೋಗ ಕಾಯ್ದೆ ತಿದ್ದಬೇಕು ಅಂತ ತನ್ನ 266ನೇ ವರದಿಯನ್ನೂ ಕೊಟ್ಟಿತು.

ದೂರು ಕೊಟ್ಟರೂ ಎಷ್ಟು ದಿನ ಹಿಡಿಯುತ್ತದೆ ಅನ್ನುವುದಕ್ಕೆ ಉತ್ತರ ಪ್ರದೇಶದ ಒಂದು ಕೇಸು ಹೇಳುತ್ತೇನೆ. 1971ರಲ್ಲಿ ಅಲ್ಲಿನ ಒಬ್ಬ ವಕೀಲ ಕೋರ್ಟಿನ ಒಳಗೇ ಎದುರಾಳಿಗೆ ಚಾಕು ಹಾಕಿದ. ಕೊಲೆ ಯತ್ನಕ್ಕೆ ಮೂರು ವರ್ಷ ಶಿಕ್ಷೆಯಾಯಿತು. ಪಟ್ಟಿಯಿಂದ ಅವನ ಹೆಸರು ಹೋಗಲು 1997 ಬರಬೇಕಾಯಿತು, ಅದೂ ಸುಪ್ರೀಂ ಕೋರ್ಟೇ ಹೇಳಿದ ಮೇಲೆ.

ನಮ್ಮ ಕಲಬುರಗಿ ಕಡೆಯವರಿಗೆ ಇನ್ನೂ ಕಷ್ಟ. ದೂರು ಕೇಳುವ ರಾಜ್ಯ ವಕೀಲರ ಪರಿಷತ್ತು ಇರುವುದು ಬೆಂಗಳೂರಿನಲ್ಲಿ. ಒಂದು ವರ್ಷದಲ್ಲಿ ದೂರು ಮುಗಿಯದಿದ್ದರೆ ಅದು ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ ಅಂತ ಕಾಯ್ದೆ ಹೇಳುತ್ತದೆ. ಬೇಗ ಮುಗಿಯಲಿ ಅಂತ ಮಾಡಿದ ನಿಯಮ ಅದು. ಆದರೆ ಕೂಲಿ ಬಿಟ್ಟು ಬರುವ ಆಳಂದದ ಹೆಣ್ಣುಮಗಳಿಗೆ ಬೆಂಗಳೂರೇ ದೂರ, ದೆಹಲಿಗೆ ಹೇಗೆ ಹೋಗುತ್ತಾಳೆ? ನಮ್ಮ ಓಣಿಯ ಆ ತಾಯಿ, ಆ ವಕೀಲರ ಹೆಂಡತಿ, ಪರಿಷತ್ತಿಗೆ ದೂರು ಕೊಡಲೇ ಇಲ್ಲ. 'ಅಲ್ಲಿತನಕ ಯಾರು ಅಲೀತಾರ' ಅಂದುಬಿಟ್ಟರು.

ಹಾಗಂತ ವಕೀಲರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. 2023ರ ಡಿಸೆಂಬರಿನಲ್ಲಿ ನಮ್ಮೂರಿನಲ್ಲೇ ವಕೀಲರೊಬ್ಬರ ಕೊಲೆಯಾದಾಗ ನಾವೂ ಮರುಗಿದ್ದೇವೆ. ಅದೇ ತಿಂಗಳು ವಕೀಲರ ಮೇಲಿನ ಹಲ್ಲೆ ತಡೆಯುವ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು, ಅದು ಬೇಕಾಗಿತ್ತು. ವಕೀಲರ ಮೇಲೆ ಸುಳ್ಳು ಕೇಸು ಹಾಕುವವರೂ ಇದ್ದಾರೆ, ಅದು ನನಗೆ ಗೊತ್ತು. ಅದಕ್ಕೇ ಬರೀ ಎಫ್‌ಐಆರ್ ಆದ ಮಾತ್ರಕ್ಕೆ ಸನ್ನದು ಮುಟ್ಟಬಾರದು. ಆದರೆ ಕೋರ್ಟೇ ತಪ್ಪಿತಸ್ಥ ಅಂದ ಮೇಲೆ ಅಪೀಲು ಮುಗಿಯುವತನಕ ಅಮಾನತಿನಲ್ಲಿಡಬಹುದಲ್ವಾ? ಅಪೀಲಿನಲ್ಲಿ ಗೆದ್ದರೆ ಮಾರನೇ ದಿನವೇ ವಾಪಸು ಕೊಡಲಿ.

ನಾನು ಕೇಳುವುದು ಎರಡೇ. ವಕೀಲರಿಗೆ ಶಿಕ್ಷೆಯಾದರೆ ಆ ತೀರ್ಪಿನ ಪ್ರತಿ ಕೋರ್ಟಿನಿಂದಲೇ ಪರಿಷತ್ತಿಗೆ ಹೋಗಲಿ, ನೊಂದವರು ಹೊತ್ತುಕೊಂಡು ಹೋಗುವ ಹಾಗಾಗಬಾರದು. ಇನ್ನೊಂದು, 2008ರಿಂದ ಕಲಬುರಗಿಯಲ್ಲಿ ಹೈಕೋರ್ಟ್ ಪೀಠವೇ ಇದೆ. ಬೀದರ್, ಯಾದಗಿರಿಯವರೂ ಇಲ್ಲಿಗೇ ಬರುತ್ತಾರೆ. ಶಿಸ್ತು ಸಮಿತಿ ಮೂರು ತಿಂಗಳಿಗೊಮ್ಮೆ ಇಲ್ಲಿ ಬಂದು ಕೂರಲಿ.

ಇತಿ,
ಒಬ್ಬ ಓದುಗ, ಕಲಬುರಗಿ