ವಿಷಯ: ಓಡುವಾಗ ಆಫ್ ಆಗುವ ಎಂಜಿನ್, ಬೀಳದ ಗೇರ್, ವಾರಂಟಿಯಲ್ಲಿ ಕ್ಲಚ್ ಬಿಚ್ಚಿ ನೋಡುವಂತೆ ಕೋರಿ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ನಿಮ್ಮ ಕಂಪನಿಯ ಬೈಕನ್ನು ಚಿಕ್ಕಮಗಳೂರಿನ ಶೋರೂಮಿನಿಂದ ಕೊಂಡಿದ್ದೇನೆ. ವಾರಂಟಿ ಇನ್ನೂ ಮುಗಿದಿಲ್ಲ. ಮನೆ ಕೊಟ್ಟಿಗೆಹಾರದಲ್ಲಿ, ಕೆಲಸ ಉಜಿರೆಯಲ್ಲಿ. ಹೀಗಾಗಿ ದಿನವೂ ಚಾರ್ಮಾಡಿ ಘಾಟಿ ಇಳಿದು ಹತ್ತುತ್ತೇನೆ. ಈ ದೂರಿಗೂ ಆ ರಸ್ತೆಗೂ ನೇರ ಸಂಬಂಧವಿದೆ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಯಾವ ತೊಂದರೆಯೂ ಇಲ್ಲ. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ, ಸಂಜೆ ಘಾಟಿ ಹತ್ತುವಾಗ, ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಹಿಡಿದ ಕೂಡಲೇ ಎಂಜಿನ್ ಆಫ್ ಆಗುತ್ತದೆ. ಆಗ ಗಾಡಿ ಮೂರನೇ ಗೇರಿನಲ್ಲೇ ನಿಂತಿರುತ್ತದೆ. ಸೆಲ್ಫ್ ಒತ್ತಿದರೆ ಸ್ಟಾರ್ಟ್ ಆಗುತ್ತದೆ, ಆದರೆ ಗೇರ್ ಕೆಳಗೆ ಬೀಳುವುದಿಲ್ಲ. ಚಕ್ರ ತಿರುಗದೆ ಇದ್ದರೆ ಗೇರುಗಳ ಹಲ್ಲು ಒಂದಕ್ಕೊಂದು ಕೂಡುವುದು ಕಷ್ಟ, ಅದಕ್ಕಾಗಿ ಗಾಡಿಯನ್ನು ಹಿಂದೆ ಮುಂದೆ ಅಲುಗಾಡಿಸಬೇಕಾಗುತ್ತದೆ. ಮಂಜು ಕವಿದ ಹೇರ್‌ಪಿನ್ ತಿರುವಿನ ಏರಿನಲ್ಲಿ, ಹಿಂದೆ ಬಸ್ಸು ಹಾರನ್ ಹೊಡೆಯುತ್ತಿರುವಾಗ, ಒಂದು ಕಾಲು ನೆಲಕ್ಕೂರಿ ಬ್ರೇಕ್ ಬಿಟ್ಟು ಬಿಟ್ಟು ಗಾಡಿ ಅಲುಗಾಡಿಸುವುದೆಂದರೆ ಏನೆಂದು ನಿಮ್ಮ ಎಂಜಿನಿಯರುಗಳು ಒಮ್ಮೆ ಬಂದು ನೋಡಬೇಕು. ನನಗೆ ಜೀವಭಯವಾಗಿದೆ. ಹೆಂಡತಿಯನ್ನು ಹಿಂದೆ ಕೂರಿಸಿಕೊಳ್ಳುವುದನ್ನೇ ಬಿಟ್ಟಿದ್ದೇನೆ.

ಸರ್ವಿಸ್ ಸೆಂಟರಿನವರು ಸ್ಪಾರ್ಕ್ ಪ್ಲಗ್ ಬದಲಿಸಿದರು, ಥ್ರಾಟಲ್ ಬಾಡಿ ತೊಳೆದರು, ಕ್ಲಚ್ ಕೇಬಲ್ ಬಿಗಿ ಮಾಡಿದರು. ಆಮೇಲೆ ಪೆಟ್ರೋಲಿನಲ್ಲಿ ಎಥನಾಲ್ ಇದೆ ಅಂದರು. ನನ್ನ ಗಾಡಿಯ ಟ್ಯಾಂಕಿನ ಮೇಲೆ ಇ20, ಅಂದರೆ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಆಗುತ್ತದೆ ಎಂದು ನೀವೇ ಸ್ಟಿಕರ್ ಅಂಟಿಸಿದ್ದೀರಿ. ಅಲ್ಲದೆ ಪೆಟ್ರೋಲಿನದೇ ದೋಷವಾಗಿದ್ದರೆ, ಎಂಜಿನ್ ಮೇಲೆ ಹೆಚ್ಚು ಭಾರ ಬೀಳುವ ಏರಿನಲ್ಲೂ ಗಾಡಿ ಮಿಸ್ ಹೊಡೆಯಬೇಕಿತ್ತು. ಅಲ್ಲಿ ಅದು ಸರಾಗವಾಗಿ ಎಳೆಯುತ್ತದೆ. ಸಾಯುವುದು ಕ್ಲಚ್ ಹಿಡಿದಾಗ ಮಾತ್ರ.

ಕೊನೆಯ ಸಲ ಸ್ಕ್ಯಾನರ್ ಹಾಕಿ, ಎರರ್ ಕೋಡ್ ಏನೂ ಬಂದಿಲ್ಲ ಎಂದು ಜಾಬ್ ಕಾರ್ಡಿನಲ್ಲಿ 'ದೋಷವಿಲ್ಲ, ಚಾಲನಾ ಅಭ್ಯಾಸ' ಎಂದು ಬರೆದು ಕೈತೊಳೆದುಕೊಂಡರು. ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದದ್ದು ಈ ಸಾಲು. ಸ್ಕ್ಯಾನರಿಗೆ ಕಾಣುವುದು ಸೆನ್ಸರ್ ಇರುವ ಭಾಗಗಳು: ಇಂಧನ, ಗಾಳಿ, ಇಗ್ನಿಷನ್. ಕ್ಲಚ್ ಪ್ಲೇಟ್ ಸೊಟ್ಟಗಾಗಿದೆಯೇ ಎಂದು ಹೇಳುವ ಸೆನ್ಸರ್ ಈ ಗಾಡಿಯಲ್ಲಿ ಇಲ್ಲ. ಕೋಡ್ ಬಂದಿಲ್ಲವೆಂದರೆ ದೋಷವೇ ಇಲ್ಲ ಎಂದಾಗುವುದಿಲ್ಲ.

ಕ್ಲಚ್ಚನ್ನೇ ಏಕೆ ಅನುಮಾನಿಸುತ್ತೇನೆಂದರೆ, ಬಿಸಿ ಎಂಜಿನ್ ಓಡುತ್ತಿರುವಾಗ ಎಷ್ಟು ಒದ್ದರೂ ನ್ಯೂಟ್ರಲ್ ಸಿಗುವುದಿಲ್ಲ. ಕೀ ಆಫ್ ಮಾಡಿದರೆ ಅದೇ ನ್ಯೂಟ್ರಲ್ ಬೆರಳಲ್ಲಿ ಒತ್ತಿದರೂ ಬೀಳುತ್ತದೆ. ಗೇರ್‌ಬಾಕ್ಸೇ ಕೆಟ್ಟಿದ್ದರೆ ಎರಡು ಸಲವೂ ಕಷ್ಟವಾಗಬೇಕಿತ್ತು. ಸಮತಟ್ಟಾದ ಜಾಗದಲ್ಲಿ ಫಸ್ಟ್ ಗೇರ್ ಹಾಕಿ, ಕ್ಲಚ್ ಪೂರ್ತಿ ಹಿಡಿದು ನಿಂತರೂ ಗಾಡಿ ಮೆಲ್ಲಗೆ ಮುಂದೆ ತೆವಳುತ್ತದೆ. ಅಂದರೆ ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕ್ಲಚ್ ಪ್ಲೇಟುಗಳು ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ. ಆಕ್ಸಿಲರೇಟರ್ ಬಿಟ್ಟು ಸ್ಲೋ ಸ್ಪೀಡಿನಲ್ಲಿರುವ ಎಂಜಿನ್ನನ್ನು ಅವೇ ಹಿಡಿದೆಳೆದು ಆಫ್ ಮಾಡುತ್ತಿವೆ, ಗೇರನ್ನೂ ಅವೇ ಬಿಡುತ್ತಿಲ್ಲ ಎಂಬುದು ನನ್ನ ತಿಳಿವಳಿಕೆ. ನಿಮ್ಮವರು ಎರಡು ರೋಗವೆಂದು ಬೇರೆಬೇರೆ ಚೀಟಿ ಬರೆದದ್ದಕ್ಕೆ ಮೂಲ ಒಂದೇ ಇದ್ದೀತು. ಕ್ಲಚ್ ಲಿವರಿನ ಸಡಿಲ (ಫ್ರೀ ಪ್ಲೇ) ಈಗ ಕೈಪಿಡಿಯಲ್ಲಿ ಹೇಳಿರುವಷ್ಟೇ ಇದೆ, ಎಂಜಿನ್ ಆಯಿಲ್ ನಿಮ್ಮ ಸೆಂಟರಿನಲ್ಲೇ ಹಾಕಿಸಿದ್ದು. ಆದ್ದರಿಂದ ಕೇಬಲ್ ತಿರುಗಿಸುವುದರಿಂದ ಇನ್ನು ಪ್ರಯೋಜನವಿಲ್ಲ. ಹೊರಗಿನ ಮೆಕ್ಯಾನಿಕ್ ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದು ನೀವೇ ಎಚ್ಚರಿಸಿದ್ದರಿಂದ ಬೇರೆ ಯಾರೂ ಕೈ ಹಾಕಿಲ್ಲ.

ನನ್ನ ಕೋರಿಕೆ ಇಷ್ಟು. ನಿಮ್ಮ ತಂತ್ರಜ್ಞರೊಬ್ಬರು ಶೋರೂಮಿನ ಅಂಗಳದಲ್ಲಿ ಒಂದು ಸುತ್ತು ಹೊಡೆದು ಬಿಡದೆ, ಎಂಜಿನ್ ಬಿಸಿಯಾಗುವ ತನಕ ಏರಿನಲ್ಲಿ ಓಡಿಸಿ ನೋಡಲಿ. ನಂತರ ನನ್ನ ಎದುರೇ ಕ್ಲಚ್ ಕವರ್ ತೆಗೆದು, ಸ್ಟೀಲ್ ಪ್ಲೇಟುಗಳು ಸೊಟ್ಟಗಾಗಿವೆಯೇ, ಪ್ಲೇಟುಗಳು ಕೂರುವ ಕ್ಲಚ್ ಹೌಸಿಂಗಿನ ಸೀಳುಗಳಲ್ಲಿ ಕಚ್ಚು ಬಿದ್ದಿದೆಯೇ ಎಂದು ಅಳೆದು, ಅಳತೆಯನ್ನು ಬರವಣಿಗೆಯಲ್ಲಿ ಕೊಡಲಿ. ಕೆಟ್ಟ ಭಾಗವನ್ನು ವಾರಂಟಿಯಲ್ಲಿ ಬದಲಿಸಬೇಕು. ಕ್ಲಚ್ ಸರಿಯಿದ್ದರೆ, ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ನಿಲ್ಲಿಸುವ ಸೈಡ್ ಸ್ಟ್ಯಾಂಡ್ ಸ್ವಿಚ್ಚನ್ನೂ ಸ್ಲೋ ಸ್ಪೀಡಿನ ಗಾಳಿ ನಿಯಂತ್ರಿಸುವ ವಾಲ್ವನ್ನೂ ಬಿಸಿಯಲ್ಲೇ ಪರೀಕ್ಷಿಸಲಿ. ನನ್ನ ಊಹೆಯೇ ಸರಿಯೆಂಬ ಹಟ ನನಗಿಲ್ಲ. ಜಾಬ್ ಕಾರ್ಡಿನಿಂದ 'ಚಾಲನಾ ಅಭ್ಯಾಸ' ಎಂಬ ಮಾತನ್ನು ಮಾತ್ರ ತೆಗೆಯಲೇಬೇಕು.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ, 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಜಾಬ್ ಕಾರ್ಡುಗಳ ನಕಲು, ಕ್ಲಚ್ ಹಿಡಿದರೂ ಗಾಡಿ ತೆವಳುವ ವಿಡಿಯೊ ಇದರೊಂದಿಗೆ ಲಗತ್ತಿಸಿದ್ದೇನೆ.

ಇಂತಿ,
ತಮ್ಮ ಗ್ರಾಹಕ
ಕೊಟ್ಟಿಗೆಹಾರ, ಮೂಡಿಗೆರೆ ತಾಲ್ಲೂಕು