ಖಾಲಿ ಬಂದ ತಟ್ಟೆ

ಎಸ್ಲಿಂಗನ್, ಜರ್ಮನಿ, 28 ಡಿಸೆಂಬರ್ 2024

ಪ್ರೀತಿಯ ಅವ್ವ, ಅಪ್ಪ,

ಕರ್ತನ ಹೆಸರಿನಲ್ಲಿ ವಂದನೆಗಳು. (ಅಪ್ಪ, ಈ ಸಾಲು ನಿಮಗಾಗಿ. ಇದು ಇಲ್ಲದಿದ್ದರೆ ಕಾಗದ ಓದುವ ಮೊದಲೇ ಕೆಂಪು ಪೆನ್ನು ಹುಡುಕುತ್ತೀರಿ ಅಂತ ಗೊತ್ತು.)

ವಾಟ್ಸಾಪ್‌ನಲ್ಲಿ ಫೋಟೊ ಎಲ್ಲ ನೋಡಿದ್ದೀರಿ. ಆದರೂ ಕಾಗದವೇ ಬೇಕು ಅಂತ ಅಪ್ಪನ ಹಟ. ಸರಿ, ಕೂತಿದ್ದೇನೆ. ಮಕ್ಕಳು ಮಲಗಿದ್ದಾರೆ, ಇವರು ಪಾತ್ರೆ ತೊಳೆಯುತ್ತಿದ್ದಾರೆ. ಹೌದು ಅವ್ವ, ಇವರೇ. ಓಣಿಯಲ್ಲೆಲ್ಲ ಹೇಳಿಕೊಂಡು ಬರಬೇಡ.

ಧಾರವಾಡದಲ್ಲಿ ನಮಗೆ ಕ್ರಿಸ್‌ಮಸ್ ಅಂದರೆ ದಡಬಡ ಅಂತ ಬಂದು ಬೀಳುತ್ತಿತ್ತು. ಪರೀಕ್ಷೆ ಮುಗಿಯಿತು ಅನ್ನುವಷ್ಟರಲ್ಲಿ ಸುಣ್ಣ ಬಳಿಯುವುದು, ದರ್ಜಿಯ ಮನೆಗೆ ನಾಲ್ಕು ಸಲ ಓಡುವುದು, ರಾತ್ರಿ ಕ್ಯಾರಲ್ ಹಾಡಲು ಮನೆ ಮನೆ ಸುತ್ತುವುದು. ಇಲ್ಲಿ ಹಾಗಲ್ಲ. ಇಲ್ಲಿ ಕಾಯಬೇಕು. ನಾಲ್ಕು ವಾರ ಕಾಯುವುದೇ ಅರ್ಧ ಹಬ್ಬ. ಮೇಜಿನ ಮೇಲೆ ಹಸಿರು ಕೊಂಬೆಯ ಒಂದು ಬಳೆ, ಅದರ ಮೇಲೆ ನಾಲ್ಕು ಮೇಣದ ಬತ್ತಿ. ಭಾನುವಾರಕ್ಕೆ ಒಂದರಂತೆ ಹಚ್ಚುತ್ತಾ ಹೋಗುತ್ತಾರೆ. ಈ ಸಲ ಮೊದಲನೆಯದನ್ನು ಡಿಸೆಂಬರ್ 1ಕ್ಕೆ ಹಚ್ಚಿದೆವು. ಗುಂಡ ಅವತ್ತೇ ನಾಲ್ಕೂ ಹಚ್ಚಿಬಿಡಿ, ಬೇಗ ಮುಗಿಯಲಿ ಅಂದ.

ಇದು ಹುಟ್ಟಿದ್ದೂ ಮಕ್ಕಳ ಇಂಥ ಕಾಟದಿಂದಲೇ ಅಂತೆ. ಹ್ಯಾಂಬರ್ಗ್‌ನಲ್ಲಿ ವಿಶರ್ನ್ ಅನ್ನುವ ಒಬ್ಬರು ದೇವಶಾಸ್ತ್ರಜ್ಞರು ಬಡ ಮಕ್ಕಳಿಗಾಗಿ ಒಂದು ಆಶ್ರಮ ನಡೆಸುತ್ತಿದ್ದರು. 'ಇವತ್ತು ಕ್ರಿಸ್‌ಮಸ್ಸಾ, ಇವತ್ತು ಕ್ರಿಸ್‌ಮಸ್ಸಾ' ಅಂತ ಮಕ್ಕಳು ದಿನಾ ತಲೆ ತಿನ್ನುತ್ತಿದ್ದರು. 1839ರಲ್ಲಿ ಅವರು ಒಂದು ಗಾಡಿ ಚಕ್ರ ತರಿಸಿ, ಅದರ ಮೇಲೆ ದಿನಕ್ಕೊಂದು ಸಣ್ಣ ಬತ್ತಿ, ಭಾನುವಾರಕ್ಕೊಂದು ದೊಡ್ಡ ಬತ್ತಿ ನಿಲ್ಲಿಸಿದರಂತೆ. ಎಣಿಸಿಕೊಳ್ಳಿ, ನನ್ನನ್ನು ಕೇಳಬೇಡಿ ಅಂತ. ನನಗೆ ಆ ಮನುಷ್ಯನ ಮೇಲೆ ಬಹಳ ಗೌರವ ಬಂದಿದೆ.

ಇನ್ನೊಂದು 24 ಬಾಗಿಲಿನ ಕ್ಯಾಲೆಂಡರ್. ದಿನಾ ಒಂದು ಪುಟ್ಟ ಬಾಗಿಲು ತೆಗೆದರೆ ಒಳಗೆ ಒಂದು ಚಾಕಲೇಟ್. ಅದನ್ನು ಅಚ್ಚು ಹಾಕಿಸಿ ಮಾರಾಟಕ್ಕೆ ತಂದವರಲ್ಲಿ ಮೊದಲಿಗ ಗೆರ್ಹಾರ್ಡ್ ಲಾಂಗ್ ಇಲ್ಲೇ ಹತ್ತಿರದ ಮೌಲ್‌ಬ್ರೊನ್‌ನವನು. ಚಿಕ್ಕವನಿದ್ದಾಗ ಅವನ ತಾಯಿ ಒಂದು ರಟ್ಟಿನ ಮೇಲೆ 24 ಸಣ್ಣ ಬಿಸ್ಕತ್ತು ಹಚ್ಚಿ, ದಿನಕ್ಕೊಂದು ಕೊಡುತ್ತಿದ್ದಳಂತೆ. ಆ ತಾಯಿಗೆ ನಮ್ಮ ಗುಂಡನಂಥ ಮಗ ಇರಲಿಲ್ಲ ಅನಿಸುತ್ತದೆ. ಡಿಸೆಂಬರ್ 3ಕ್ಕೆ ಬೆಳಗ್ಗೆ ಎದ್ದು ನೋಡಿದರೆ ಸಾಹೇಬರು ಅಷ್ಟೂ ಬಾಗಿಲು ತೆಗೆದು, ತಿಂದು, ಮತ್ತೆ ನೀಟಾಗಿ ಮುಚ್ಚಿಟ್ಟಿದ್ದಾರೆ. ಮೂಗಿನ ತುದಿಗೆ ಚಾಕಲೇಟ್. ಉಳಿದ ದಿನಗಳಿಗೆ ನಾನು ಒಂದೊಂದು ಒಣದ್ರಾಕ್ಷಿ ತುಂಬಿದೆ. ಪುಟ್ಟಿ ಮಾತ್ರ ತನ್ನದನ್ನು ಕಪಾಟಿನ ಮೇಲಿಟ್ಟು, ದಿನಾ ಕುರ್ಚಿ ಹತ್ತಿ ತೆಗೆಯುತ್ತಿದ್ದಳು. ಆರು ವರ್ಷಕ್ಕೇ ನಿನ್ನ ಹಾಗೆ ಲೆಕ್ಕಾಚಾರ, ಅವ್ವ.

ಡಿಸೆಂಬರ್ 5ರ ರಾತ್ರಿ ಮಕ್ಕಳು ಬೂಟು ಒರೆಸಿ ಬಾಗಿಲ ಹೊರಗೆ ಇಡಬೇಕು. ಬೆಳಗಾಗುವಷ್ಟರಲ್ಲಿ ಸಂತ ನಿಕೋಲಸ್ ಅದರಲ್ಲಿ ಅಕ್ರೋಟು, ಕಿತ್ತಳೆ, ಚಾಕಲೇಟ್ ಹಾಕಿ ಹೋಗುತ್ತಾನೆ. ಗುಂಡ ತನ್ನ ಬೂಟು ಬಿಟ್ಟು ಅಪ್ಪನ ಬೂಟು ಇಟ್ಟ. ನಾನು ಏನೂ ಹೇಳಲಿಲ್ಲ. ಬುದ್ಧಿ ಇದೆಯಲ್ಲ, ಸಾಕು.

ಅಪ್ಪ, ನೀವು ಬಿದಿರು ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟು ಇಟ್ಟುಕೊಂಡು ನಕ್ಷತ್ರ ಕಟ್ಟುತ್ತಿದ್ದಿರಲ್ಲ, ಒಳಗೆ ಬಲ್ಬ್ ಇಳಿಬಿಟ್ಟು? ಇಲ್ಲಿ ಚರ್ಚಿನ ಬಾಗಿಲಲ್ಲಿ, ಮನೆ ಮನೆಯ ಕಿಟಕಿಯಲ್ಲಿ ಅಂಥದೇ ಕಾಗದದ ನಕ್ಷತ್ರ. ಹೆರ್ನ್‌ಹುಟ್ ನಕ್ಷತ್ರ ಅನ್ನುತ್ತಾರೆ. ಮೊರಾವಿಯನ್ ಅನ್ನುವ ಕ್ರೈಸ್ತ ಸಭೆಯವರ ವಸತಿ ಶಾಲೆಯಲ್ಲಿ ಲೆಕ್ಕದ ಪಾಠ ಕಲಿಸಲು ಮಾಡಿಸಿದ್ದು ಮೊದಲಂತೆ. ಸಾಮಾನ್ಯವಾಗಿ 25 ಮೂಲೆ ಇರುತ್ತದೆ. ಪುಟ್ಟಿ ಎಣಿಸಿದರೆ ಒಂದು ಸಲ 23, ಒಂದು ಸಲ 26. ನಿಮ್ಮದಕ್ಕೆ ಐದೇ ಮೂಲೆ. ಗಾಳಿಗೆ ಹರಿದರೆ ಮರುದಿನ ಇನ್ನೊಂದು ಹಾಳೆ ಹಚ್ಚುತ್ತಿದ್ದಿರಿ. ಇಲ್ಲಿ ನಕ್ಷತ್ರ ಹರಿದರೆ ಬಿಡಿಭಾಗ ಆರ್ಡರ್ ಮಾಡುತ್ತಾರೆ!

ಮರ ನಿಜವಾದದ್ದೇ ತಂದೆವು. ಬಲೆಯಲ್ಲಿ ಸುತ್ತಿ ಕೊಟ್ಟರು, ಇವರು ಹೆಗಲ ಮೇಲೆ ಹೊತ್ತು ತಂದರು. ಮನೆಯಲ್ಲಿ ಬಿಚ್ಚಿದರೆ ಸೋಫಾಗೆ ಜಾಗ ಇಲ್ಲ. ನಮ್ಮಲ್ಲಿ ಸೀಮೆಎಣ್ಣೆ ಡಬ್ಬಿಗೆ ಮಣ್ಣು ತುಂಬಿ ಗಾಳಿ ಮರದ ಕೊಂಬೆ ಸಿಕ್ಕಿಸಿ, ಮೇಲೆ ಹತ್ತಿ ಉದುರಿಸುತ್ತಿದ್ದೆವು. ಹಿಮ ಅಂದರೇನು ಅಂತ ಗೊತ್ತಿಲ್ಲದವರು ಹತ್ತಿ ಹಾಕಿ ಹಿಮ ಮಾಡಿದ್ದು! ಈಗ ನೋಡು ತಮಾಷೆ. ಹಿಮದ ದೇಶಕ್ಕೆ ಬಂದಿದ್ದೇವೆ, ಈ ಹಬ್ಬಕ್ಕೆ ಇಲ್ಲಿ ಹಿಮವೇ ಬೀಳಲಿಲ್ಲ. ಮಕ್ಕಳ ಮುಖ ನೋಡಲಾಗದೆ ಕೊನೆಗೆ ನಾನೂ ಹತ್ತಿಯ ಸುರುಳಿ ಬಿಚ್ಚಿದೆ.

ಇನ್ನು ಕರ್ಚಿಕಾಯಿ ವಿಷಯ. ಅವ್ವ, ನಗಬೇಡ.

ರವೆ ಇಲ್ಲೇ ಸಿಕ್ಕಿತು. ಒಣಕೊಬ್ಬರಿ ತುರಿ ಕೇಕ್ ಸಾಮಾನಿನ ಸಾಲಿನಲ್ಲಿ ಇತ್ತು. ಪುಟಾಣಿ ಕಡಲೆಗೆ ಮಾತ್ರ ಸ್ಟುಟ್‌ಗಾರ್ಟ್‌ನ ಇಂಡಿಯನ್ ಅಂಗಡಿಗೆ ಹೋದೆವು. ಗಸಗಸೆ ಇಲ್ಲೂ ಧಾರಾಳ, ಬ್ರೆಡ್ಡಿಗೆ, ಕೇಕಿಗೆ ಎಲ್ಲಕ್ಕೂ ಹಾಕುತ್ತಾರೆ. ಆದರೆ ಇಲ್ಲಿಯದು ಕಪ್ಪು. ಪೂರ್ತಿ ಕಪ್ಪಲ್ಲ, ಮಳೆಗಾಲದ ಮೋಡದ ಬಣ್ಣ. ಗೊತ್ತಿದ್ದೂ ಹುರಿದು ಪುಡಿ ಮಾಡಿ ಹಾಕಿದೆ. ಹೂರಣ ಬೂದಿ ಬಣ್ಣಕ್ಕೆ ತಿರುಗಿತು. ನೋಡಲು ಸಿಮೆಂಟ್, ರುಚಿಗೆ ಕರ್ಚಿಕಾಯಿ. ನೀನು ಕೊಟ್ಟ ಹಿತ್ತಾಳೆ ಚಕ್ರ ಪುಟ್ಟಿಯ ಕೈಗೆ ಕೊಟ್ಟೆ. ಅಂಚು ಕತ್ತರಿಸುವಾಗ ನಾಲಿಗೆಯನ್ನು ಹಲ್ಲಿನ ಮಧ್ಯೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಒಂದೊಂದೇ ಕತ್ತರಿಸಿದಳು. ಅರ್ಧ ಚಂದ್ರ ಇರಬೇಕಾದ್ದು ಕೆಲವು ಮುಕ್ಕಾಲು ಚಂದ್ರ ಆದವು, ಒಂದೆರಡು ಬಾಯಿ ಬಿಟ್ಟು ಎಣ್ಣೆಯೆಲ್ಲ ಕಪ್ಪಾಯಿತು. ಅಂಥದೇ ಚಕ್ರ ಇಲ್ಲಿಯ ಅಂಗಡಿಯಲ್ಲೂ ತೂಗುಹಾಕಿದ್ದಾರೆ, ಗೊತ್ತಾ? ಹಬ್ಬದ ಬಿಸ್ಕತ್ತಿಗೆ ಇವರು ಗೂಟ್ಸ್ಲೆ ಅನ್ನುತ್ತಾರೆ. ಎಂಟು-ಹತ್ತು ಬಗೆ ಮಾಡಿ ತಗಡಿನ ಡಬ್ಬಿಯಲ್ಲಿಟ್ಟು ಮಕ್ಕಳಿಂದ ಬಚ್ಚಿಡುತ್ತಾರೆ. ಈ ಬಚ್ಚಿಡುವುದರಲ್ಲಿ ಎಲ್ಲ ದೇಶದ ತಾಯಂದಿರೂ ಒಂದೇ.

ಮೂರನೇ ಬ್ಯಾಚ್ ಎಣ್ಣೆಗೆ ಬಿಟ್ಟೆ, ಹೊಗೆ ಅಲಾರಂ ಕೂಗಿಕೊಂಡಿತು. ಕಿವಿ ಹರಿದುಹೋಗುವ ಹಾಗೆ. ಇವರು ಕುರ್ಚಿ ಹತ್ತಿ ಟವೆಲ್ ಬೀಸಿದರು, ಗುಂಡ ಸಂತೋಷದಿಂದ ಕುಣಿದ. ಮೇಲಿನ ಮಹಡಿಯ ಅಜ್ಜಿ ಚಪ್ಪಲಿಯಲ್ಲೇ ಇಳಿದು ಬಂದರು. ಎರಡು ವರ್ಷದಿಂದ ಮೆಟ್ಟಿಲ ಮೇಲೆ 'ನಮಸ್ಕಾರ, ನಮಸ್ಕಾರ' ಅಷ್ಟೇ ನಮ್ಮ ಗುರುತು. ಬಾಗಿಲು ತೆರೆದು ನಿಂತ ನನ್ನ ಕೈಯಲ್ಲಿ ಜಾಲರಿ, ಕೆನ್ನೆಯ ಮೇಲೆ ಹಿಟ್ಟು. 'ಬೆಂಕಿಯಾ?' ಅಂದರು. 'ಕ್ರಿಸ್‌ಮಸ್' ಅಂದೆ.

24ಕ್ಕೆ ಮಧ್ಯಾಹ್ನ ಎರಡಕ್ಕೆ ಅಂಗಡಿಗಳೆಲ್ಲ ಬಂದ್. ಕಾನೂನೇ ಹಾಗಿದೆ. ಆಮೇಲೆ 25, 26 ಎರಡು ದಿನವೂ ತೆರೆಯುವುದಿಲ್ಲ. ನಾಲ್ಕು ಗಂಟೆಗೆ ಮಕ್ಕಳ ನಾಟಕಕ್ಕೆ ಚರ್ಚಿಗೆ ಹೋದೆವು. ಹೊರಬರುವಷ್ಟರಲ್ಲಿ ಕಗ್ಗತ್ತಲು. ಈ ಹಬ್ಬದಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಆ ನಾಟಕ.

ಪುಟ್ಟಿ ಕುರಿ ಆಗಿದ್ದಳು. ಮರಿಯಮ್ಮನ ಪಾತ್ರ ಬೇಕಿತ್ತು, ಸಿಗಲಿಲ್ಲ, ಎರಡು ದಿನ ಅತ್ತಳು. ಆಮೇಲೆ ಕುರಿಗೆ ಮಾತಿಲ್ಲ, ತಪ್ಪಾಗುವ ಭಯ ಇಲ್ಲ ಅಂತ ಸಮಾಧಾನ ಮಾಡಿದೆ. ಬಿಳಿ ಟವೆಲ್ಲಿಗೆ ಹತ್ತಿ ಅಂಟಿಸಿ, ಹಿಂದೆ ಹಳೆಯ ಕಾಲುಚೀಲದ ಬಾಲ ಪಿನ್ ಹಾಕಿದ್ದೆ. ಚರ್ಚು ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ಯೋಸೇಫ ಬಾಗಿಲು ಬಡಿದ, ಛತ್ರದವನು ಜಾಗ ಇಲ್ಲ ಅಂದ, ದೇವದೂತ ಕೆಮ್ಮಿದ. ಕುರುಬರ ಹಿಂದೆ ಅಂಬೆಗಾಲಿಟ್ಟು ಬಂದ ನಮ್ಮ ಕುರಿ ಗೋದಲಿಯ ಮುಂದೆ ತಲೆಬಾಗಿತು. ಎಲ್ಲ ಗಪ್‌ಚಿಪ್. ಅಷ್ಟರಲ್ಲಿ ನನ್ನ ತೊಡೆಯ ಮೇಲಿದ್ದ ಗುಂಡ ಎದ್ದು ನಿಂತು ಗಂಟಲು ಹರಿಯುವಂತೆ ಕನ್ನಡದಲ್ಲಿ ಕೂಗಿದ: 'ಅಕ್ಕಾ, ಬಾಲ ಬಿತ್ತು!'

ಅಷ್ಟು ಜನರಲ್ಲಿ ನಕ್ಕವರು ಇಬ್ಬರೇ, ನಾನು ಮತ್ತು ಇವರು. ಮೂರನೆಯವಳು ಕುರಿ. ಅವಳು ಹಿಂದೆ ತಿರುಗಿ ನೋಡಿ, ಬಾಲ ಎತ್ತಿಕೊಂಡು, ಗೋದಲಿಯ ಹುಲ್ಲಿನ ಮೇಲೆ ಕಾಣಿಕೆಯ ಹಾಗೆ ಇಟ್ಟಳು. ಜನ ಅದೂ ನಾಟಕದ ಭಾಗವೇ ಅಂದುಕೊಂಡರು.

ಅಪ್ಪ, ಆಗ ನನಗೆ ನಿಮ್ಮ ಮಾತು ನೆನಪಾಯಿತು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಮೊಗ್ಲಿಂಗ್ ಪಾದ್ರಿಗಳು 1881ರಲ್ಲಿ ತೀರಿಕೊಂಡದ್ದು ಇದೇ ಎಸ್ಲಿಂಗನ್‌ನಲ್ಲಿ ಅಂತ ನೀವು ಫೋನಿನಲ್ಲಿ ಎಷ್ಟು ಸಲ ಹೇಳಿದ್ದೀರಿ. ಈ ಸೀಮೆಯಿಂದ ಎಷ್ಟೋ ಜನ ಬಾಸೆಲ್ ಮಿಶನ್ ಸೇರಿ ನಮ್ಮ ಕಡೆ ಬಂದರು, ಧಾರವಾಡಕ್ಕೆ 1837ಕ್ಕೇ ಮುಟ್ಟಿದರು. ಮೊಗ್ಲಿಂಗ್ ಮುದುಕರು ಬದುಕಿದ್ದರೆ ನಗುವವರು ಮೂರಲ್ಲ, ನಾಲ್ಕು ಜನ ಇರುತ್ತಿದ್ದರು. (ಕನ್ನಡ ನಿಘಂಟಿನ ಕಿಟೆಲ್ ತೀರಿಕೊಂಡ ಟ್ಯೂಬಿಂಗನ್‌ಗೆ ಇನ್ನೂ ಹೋಗಿಲ್ಲ. ಬೈಯಬೇಡಿ. ಗುಂಡನ ಶೀತ ಇಳಿಯಲಿ.)

ಹಬ್ಬದ ರಾತ್ರಿಯ ಊಟ ಕೇಳಿದರೆ ನಿನಗೆ ಅಯ್ಯೋ ಅನಿಸುತ್ತದೆ. ಇಲ್ಲಿಯ ಹೆಚ್ಚಿನ ಮನೆಗಳಲ್ಲಿ ಆಲೂಗಡ್ಡೆ ಸಲಾಡ್, ಬೇಯಿಸಿದ ಸಾಸೇಜು, ಅಷ್ಟೇ. ಮಕ್ಕಳಿಗಾಗಿ ನಾವೂ ಅದನ್ನೇ ಮಾಡಿದೆವು. 25ಕ್ಕೆ ಮಾತ್ರ ಮಟನ್ ಪಲಾವು. ಅದನ್ನು ಬಿಟ್ಟುಕೊಡಲು ಇವರು ಒಪ್ಪಲಿಲ್ಲ.

ಆದರೆ ಆ ರಾತ್ರಿ ಬೀದಿ ನೋಡಿ ನನಗೆ ಹೊಟ್ಟೆ ಚುರ್ ಅಂತು. ಒಬ್ಬ ನರಪಿಳ್ಳೆ ಇಲ್ಲ. ಎಲ್ಲ ಕಿಟಕಿಯಲ್ಲೂ ದೀಪ, ಎಲ್ಲ ಬಾಗಿಲೂ ಮುಚ್ಚಿದೆ. ನಮ್ಮಲ್ಲಿ 25ಕ್ಕೆ ಬಾಗಿಲು ಹಾಕಿದ್ದು ನೆನಪೇ ಇಲ್ಲ. ಕುರ್ಚಿ ಸಾಲದೆ ಚಾಪೆ, ಲೋಟ ಸಾಲದೆ ಪಕ್ಕದ ಮನೆಯ ಲೋಟ. ನೀನು ಕ್ರೋಶಾ ಕರವಸ್ತ್ರ ಮುಚ್ಚಿ ತಟ್ಟೆ ಕೈಗೆ ಕೊಟ್ಟು, 'ಮಾಸ್ತರ್ ಮನೆಗೆ ಒಂದು, ಚಾಚಿ ಮನೆಗೆ ಒಂದು, ಓಡು' ಅನ್ನುತ್ತಿದ್ದೆ. ತಟ್ಟೆ ವಾಪಸ್ ಬರುವಾಗ ತಳದಲ್ಲಿ ಒಂದು ಹಿಡಿ ಸಕ್ಕರೆ. ದಾರಿಯಲ್ಲೇ ಅರ್ಧ ಮುಕ್ಕುತ್ತಿದ್ದೆ ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಅದಕ್ಕೇ ಈ ಸಲ ನಾವೂ ಕಳಿಸಿದೆವು. 24ರ ಮಧ್ಯಾಹ್ನ ಎರಡು ತಟ್ಟೆ. ಒಂದು ಕೆಳಗಿನ ತುರ್ಕಿಯವರ ಮನೆಗೆ, ಇನ್ನೊಂದು, ಅಂಚಿನಲ್ಲಿ ನಿನ್ನ ಹೆಸರು ಕೊರೆಸಿದ ಸ್ಟೀಲ್ ತಟ್ಟೆ, ಮೇಲಿನ ಅಜ್ಜಿಗೆ. ಇದೇನು ಬರೆದಿದೆ ಅಂತ ಅಜ್ಜಿ ಬೆರಳಾಡಿಸಿ ಕೇಳಿದರಂತೆ. 'ನನ್ನ ಅಜ್ಜಿಯ ಹೆಸರು, ತಟ್ಟೆ ಕಳೆಯಬಾರದು ಅಂತ' ಅಂದಳಂತೆ ಪುಟ್ಟಿ.

ಕೆಳಗಿನ ಮನೆಯ ತಟ್ಟೆ ಸಂಜೆಗೇ ಬಂತು, ತುಂಬ ಬಾಕ್ಲಾವಾ. ಅವರಲ್ಲೂ ತಟ್ಟೆ ಖಾಲಿ ಕೊಡುವುದಿಲ್ಲವಂತೆ. ಅಜ್ಜಿಯ ತಟ್ಟೆ 26ಕ್ಕೆ ಬಂತು. ಫಳಫಳ ಹೊಳೆಯುವ ಹಾಗೆ ತೊಳೆದು ಒರೆಸಿ ತಂದಿದ್ದರು. ತಿಂಡಿ ಬಹಳ ಚೆನ್ನಾಗಿತ್ತು ಅಂದರು, ಕಪ್ಪು ಗಸಗಸೆಯನ್ನೇ ಹೊಗಳಿದರು. ಪುಟ್ಟಿ ತಟ್ಟೆ ತೆಗೆದುಕೊಂಡು ಒಳಗೆ ನೋಡಿದಳು. ತಿರುವಿ ಹಿಂದೆ ನೋಡಿದಳು. ಆಮೇಲೆ ಜರ್ಮನ್‌ನಲ್ಲಿ ಸ್ಪಷ್ಟವಾಗಿ ಕೇಳಿಯೇಬಿಟ್ಟಳು: 'ಸಕ್ಕರೆ ಎಲ್ಲಿ?'

ನನಗೆ ನೆಲ ಬಾಯಿ ಬಿಟ್ಟರೆ ಸಾಕಿತ್ತು. ಏನೋ ತೊದಲಿದೆ. ಅಜ್ಜಿ ಗಾಬರಿಯಾಗಿ ತಲೆಯಾಡಿಸಿ ಮೇಲೆ ಹೋದರು. ನಿನ್ನೆ ಬೆಳಗ್ಗೆ ಗಂಟೆ ಬಾರಿಸಿತು. ಅಜ್ಜಿ! ಕೋಟು, ಟೋಪಿ, ಕೈಯಲ್ಲಿ ಒಂದು ಕೆಜಿ ಸಕ್ಕರೆ ಪೊಟ್ಟಣ. ಎರಡು ದಿನ ಅಂಗಡಿ ಇಲ್ಲದೆ ನಮ್ಮಲ್ಲಿ ಸಕ್ಕರೆ ಮುಗಿದಿದೆ ಅಂತ ಪಾಪ ಯೋಚನೆ ಮಾಡಿದ್ದಾರೆ. ತಮ್ಮ ಮನೆಯಲ್ಲೂ ಇರಲಿಲ್ಲವಂತೆ, ಅಂಗಡಿ ತೆರೆಯುವುದನ್ನೇ ಕಾದು ತಂದಿದ್ದಾರೆ. ನಾನು ಒಳಗೆ ಕರೆದು, ಚಹಾ ಕೊಟ್ಟು, ತಟ್ಟೆಯ ಸಂಗತಿ ವಿವರಿಸಿದೆ. ಕೇಳಿ ಕೇಳಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಒಂದೂವರೆ ಗಂಟೆ ಕೂತರು. ಗುಂಡ ತನ್ನ ಕ್ಯಾಲೆಂಡರಿನಲ್ಲಿ ಉಳಿದಿದ್ದ ಒಂದು ಒಣದ್ರಾಕ್ಷಿ ಅವರಿಗೆ ಕೊಟ್ಟ.

ಇವತ್ತು ಬೆಳಗ್ಗೆ ಅದೇ ಸಕ್ಕರೆಯಲ್ಲಿ ಶಿರಾ ಮಾಡಿ ಅದೇ ತಟ್ಟೆಯಲ್ಲಿ ಮೇಲೆ ಕಳಿಸಿದೆ. ಹಾಗಾಗಿ ನಿನ್ನ ತಟ್ಟೆ ಈಗ ಅವರ ಮನೆಯಲ್ಲೇ ಇದೆ.

ಬರುವವರು ಯಾರಾದರೂ ಇದ್ದರೆ ಬಿಳಿ ಗಸಗಸೆ ಕಾಲು ಕೆಜಿ ಕಳಿಸು. ದುಬೈ ಮೇಲೆ ಬರುವವರ ಕೈಯಲ್ಲಿ ಮಾತ್ರ ಬೇಡ, ಅಲ್ಲಿ ಗಸಗಸೆ ಒಯ್ದರೆ ಜೈಲೇ. ಹಿತ್ತಾಳೆ ಚಕ್ರದ ಹಲ್ಲು ಸವೆದಿದೆ. ಆದರೂ ಹೊಸದು ಬೇಡ ಅನ್ನುತ್ತಾಳೆ ಪುಟ್ಟಿ.

ಅಪ್ಪನ ಮೊಣಕಾಲಿಗೆ ಎಣ್ಣೆ ಹಚ್ಚು. ಇಬ್ಬರಿಗೂ ಹೊಸ ವರ್ಷದ ಪ್ರಾರ್ಥನೆಗಳು.

ನಿಮ್ಮ ಮಗಳು