ಎಡಗಣ್ಣಿನ ಆ ಐದು ನಿಮಿಷ

ಚಿರಂಜೀವಿ ಮಗನಿಗೆ ಅತ್ತೆಯ ಆಶೀರ್ವಾದಗಳು.

ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಇದು. ಓದೋದು ಆಮೇಲೂ ಆಗುತ್ತೆ. ಮೊದಲು ಯಾರನ್ನಾದರೂ ಜೊತೆಗೆ ಕರೆದುಕೊಂಡು, ಸ್ಟ್ರೋಕ್ ನೋಡುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡು. ಕನ್ನಡಕದ ಅಂಗಡಿಗಲ್ಲ, ಕಣ್ಣಿನ ಕ್ಲಿನಿಕ್ಕಿಗೂ ಅಲ್ಲ. ಗಾಡಿ ನೀನು ಓಡಿಸಬೇಡ. ಮಿಕ್ಕಿದ್ದನ್ನು ಅಲ್ಲಿ ಬೆಂಚಿನ ಮೇಲೆ ಕಾಯುವಾಗ ಓದು.

ನಿನ್ನ ಸಕ್ಕರೆ, ನಿನ್ನ ಸಿಗರೇಟು, ನಿಮ್ಮಪ್ಪನ ಹೃದಯ ಇವೆಲ್ಲ ಮನೆಯವರಿಗೆಲ್ಲ ಗೊತ್ತಿರೋದೇ, ಅದನ್ನೆತ್ತಲ್ಲ. ನನ್ನ ಎದೆ ಧಸಕ್ಕೆಂದಿದ್ದು ಕಾಗದದ ಕೊನೆಗೆ ನೀನು ಉಪ್ಪಿನಕಾಯಿಯ ಹಾಗೆ ಸೇರಿಸಿದ ಸಾಲಿಗೆ. ಮೊನ್ನೆ ಬೆಳಿಗ್ಗೆ ಎಡಗಣ್ಣಿಗೆ ಮೇಲಿಂದ ಕಪ್ಪು ಪರದೆ ಇಳಿದ ಹಾಗಾಯ್ತು, ನೋವೇನಿರಲಿಲ್ಲ, ಐದು ನಿಮಿಷಕ್ಕೆ ತಾನಾಗೇ ಸರಿಹೋಯ್ತು ಅಂತ ಬರೆದಿದ್ದೀಯ. ಪರದೆ ಇಳಿದಿದ್ದಕ್ಕಿಂತ ಆ "ತಾನಾಗೇ ಸರಿಹೋಯ್ತು" ಅನ್ನೋ ಮಾತೇ ನನಗೆ ನಿದ್ದೆ ಕೊಡಲಿಲ್ಲ.

ಅದು ಸರಿಹೋಗಿದ್ದಲ್ಲ ಕಣೋ, ಸರಿದುಹೋಗಿದ್ದು. ಕತ್ತಿನ ಎರಡೂ ಪಕ್ಕ ಮೇಲಕ್ಕೆ ಹೋಗುವ ಕೆರೋಟಿಡ್ ರಕ್ತನಾಳ ಧ್ವನಿಪೆಟ್ಟಿಗೆಯ ಮೇಲಂಚಿನ ಮಟ್ಟದಲ್ಲಿ ಕವಲೊಡೆಯುತ್ತೆ. ಹೊರಗವಲು ಮುಖಕ್ಕೆ, ಒಳಗವಲು ತಲೆಬುರುಡೆಯೊಳಕ್ಕೆ. ಕವಲಿನಲ್ಲಿ ರಕ್ತದ ಹರಿವು ಸುಳಿ ಹೊಡೆಯೋದರಿಂದ ಕೊಬ್ಬಿನ ಪದರ ಕಟ್ಟೋದು ಹೆಚ್ಚಾಗಿ ಅಲ್ಲೇ. ಒಳಗವಲು ಕತ್ತಿನಲ್ಲಿ ಒಂದು ಕೊಂಬೆಯನ್ನೂ ಬಿಡಲ್ಲ. ಬುರುಡೆಯೊಳಗೆ ಹೊಕ್ಕ ಮೇಲೆ ಅದು ಕೊಡುವ ಮೊದಲ ದೊಡ್ಡ ಕೊಂಬೆಯೇ ಕಣ್ಣಿನದು. ಅದರಿಂದ ಒಡೆದ ಒಂದು ಸಣ್ಣ ನಾಳ ದೃಷ್ಟಿನರದೊಳಕ್ಕೆ ತೂರಿ, ಕಣ್ಣಿನ ಹಿಂಗೋಡೆಯಲ್ಲಿ ಬೆಳಕು ಗ್ರಹಿಸುವ ರೆಟಿನಾದ ಒಳಪದರಗಳಿಗೆ ರಕ್ತ ಒಯ್ಯುತ್ತೆ. ಹಾಗಾಗಿ ಕತ್ತಿನ ಪದರ ಬಿರಿದು ಚೂರು ಎದ್ದರೆ ಕೆಲವು ಸಲ ಮೊದಲ ಸುದ್ದಿ ಬರೋದು ಕಣ್ಣಿಂದ, ಅದೂ ಅದೇ ಪಕ್ಕದ ಕಣ್ಣಿಂದ. ಕೈಕಾಲು ಸೋತರೆ ಎದುರು ಪಕ್ಕ, ಕಣ್ಣು ಮಂಕಾದರೆ ಅದೇ ಪಕ್ಕ.

ಕಣ್ಣಿನೊಳಗೆ ಬೆಳಕು ಬಿಟ್ಟು ನೋಡುವ ಆಫ್ತಾಲ್ಮೋಸ್ಕೋಪಿನಲ್ಲಿ ಆ ಚೂರು ಕಾಣೋದೂ ಉಂಟು. ರೆಟಿನಾದ ಕೂದಲೆಳೆ ನಾಳ ಎರಡಾಗುವ ಕವಲಿನಲ್ಲಿ ಹಳದಿ ಹೊಳಪಿನ ತುಣುಕು ಸಿಕ್ಕಿಕೊಂಡಿರುತ್ತೆ. ಬೆಳಕು ಕೊಂಚ ಅಲುಗಿಸಿದರೆ ಮಿನುಗುತ್ತೆ, ನಾಳಕ್ಕಿಂತ ತಾನೇ ದಪ್ಪಗಿದೆಯೇನೋ ಅನ್ನಿಸುತ್ತೆ. ಕೊಲೆಸ್ಟರಾಲ್ ಹರಳು ಅದು. ಹಾಲನ್‌ಹಾರ್ಸ್ಟ್ ಅನ್ನೋ ಕಣ್ಣಿನ ಡಾಕ್ಟರು 1961ರಲ್ಲಿ ಅದನ್ನು ವಿವರಿಸಿದ ಮೇಲೆ ಅವರ ಹೆಸರೇ ಅದಕ್ಕೆ ಅಂಟಿತು. ಅದಕ್ಕೂ ಎರಡು ವರ್ಷ ಮುಂಚೆ ಮಿಲ್ಲರ್ ಫಿಶರ್ ಅನ್ನೋ ನರರೋಗದ ಡಾಕ್ಟರು, ಒಬ್ಬ ರೋಗಿಯ ಕಣ್ಣು ಮಂಕಾಗಿದ್ದ ಹೊತ್ತಿನಲ್ಲೇ ಒಳಗೆ ನೋಡಿ, ಬಿಳಿ ತುಣುಕುಗಳು ರೆಟಿನಾದ ನಾಳದಲ್ಲಿ ತೆವಳುತ್ತಾ ಮುಂದೆ ಹೋಗೋದನ್ನು ಬರೆದಿಟ್ಟರು. ನಿನ್ನ ಐದು ನಿಮಿಷವೂ ಹೆಚ್ಚುಕಮ್ಮಿ ಹಾಗೇ ಇರಬೇಕು. ಚೂರು ಬಂತು, ಅಡ್ಡ ನಿಂತಿತು, ಪುಡಿಯಾಗಿ ಮುಂದೆ ಹೋಯ್ತು, ಪರದೆ ಎದ್ದಿತು. ಅದು ಎದ್ದು ಬಂದ ಜಾಗ ಮಾತ್ರ ಕತ್ತಿನಲ್ಲಿ ಹಸಿಗಾಯದ ಹಾಗೆ ಇದ್ದೇ ಇದೆ. ಮುಂದಿನ ಚೂರು ಕಣ್ಣಿನ ಕೊಂಬೆಗೆ ತಿರುಗದೆ ನೆಟ್ಟಗೆ ಮಿದುಳಿಗೆ ಹೋದರೆ? ಅಪಾಯ ಜಾಸ್ತಿ ಇರೋದು ಮೊದಲ ಕೆಲವು ದಿನಗಳಲ್ಲೇ, ನೀನು ಆಗಲೇ ಎರಡು ದಿನ ಕಳೆದಿದ್ದೀಯ.

ಬೈಯೋಕೆ ನನಗೂ ಬಾಯಿಲ್ಲ ಬಿಡು. ಎಷ್ಟು ಜನರ ಕಣ್ಣು ನೋಡಿ "ಈಗ ಎಲ್ಲ ಚೆನ್ನಾಗಿದೆ, ಮತ್ತೆ ಬಂದರೆ ಬನ್ನಿ" ಅಂತ ಕಳಿಸಿದ್ದೆನೋ. ಕಣ್ಣು ನೋಡಿದೆ, ಕತ್ತಿನ ಕಡೆ ಕೈ ಹೋಗಲಿಲ್ಲ. ಅವರಲ್ಲಿ ಎಷ್ಟು ಜನ ಮತ್ತೆ ಬರಲಿಲ್ಲ ಅಂತ ಲೆಕ್ಕ ಇಟ್ಟವಳಲ್ಲ ನಾನು. ಈ ವಯಸ್ಸಿನಲ್ಲಿ ಅದು ಕಾಡುತ್ತೆ.

ಅದೇ ಕಣ್ಣು ಮತ್ತೆ ಮಂಕಾಗಿ ಹಾಗೇ ನಿಂತರೆ ಗಡಿಯಾರ ನೋಡಿಕೊಂಡು ಓಡು. ಕೋತಿಗಳ ಮೇಲಿನ ಪ್ರಯೋಗಗಳಲ್ಲಿ ರೆಟಿನಾ ಸುಮಾರು ಒಂದೂವರೆ ಗಂಟೆ ರಕ್ತವಿಲ್ಲದೆ ತಾಳಿತ್ತು, 4 ಗಂಟೆ ದಾಟಿದರೆ ಹೋಗಿದ್ದು ಹೋದಂತೆಯೇ. ಕಣ್ಣು ಉಜ್ಜಿಕೊಂಡು ಮಲಗಿ ಎದ್ದು ನೋಡೋಣ ಅನ್ನೋದು ಬೇಡ. ಕತ್ತನ್ನು ಒತ್ತಿಸಿಕೊಳ್ಳೋದು, ತಿಕ್ಕಿಸಿಕೊಳ್ಳೋದು ಅಂತೂ ಖಂಡಿತ ಬೇಡ.

ಇನ್ನೊಂದು ಕೇಳಬೇಕಿತ್ತು. ಬಿಸಿಲಿಂದ ಒಳಗೆ ಬಂದಾಗ ಎಡಗಣ್ಣು ಬಲಗಣ್ಣಿಗಿಂತ ತಡವಾಗಿ ತಿಳಿಯಾಗುತ್ತಾ? ಹುಬ್ಬಿನ ಸುತ್ತ ಮಂದನೋವು, ಮಲಗಿದರೆ ಕಮ್ಮಿಯಾಗೋದು ಉಂಟಾ? ಇದು ಚೂರಿನ ಕಥೆಯಲ್ಲ, ರಕ್ತದ ಬರಗಾಲದ ಕಥೆ. ಕತ್ತಿನ ನಾಳ ಶೇ. 90ರಷ್ಟೋ ಅದಕ್ಕಿಂತ ಹೆಚ್ಚೋ ಕಿರಿದಾದರೆ ಕಣ್ಣು ನಿಧಾನಕ್ಕೆ ಹಸಿಯುತ್ತೆ. ಹಸಿದ ಕಣ್ಣು ತನ್ನ ಬಣ್ಣದ ಭಾಗವಾದ ಐರಿಸ್ ಮೇಲೆ ಹೊಸ ನಾಳ ಹೆಣೆಯುತ್ತೆ, ಅವು ಒಳನೀರು ಹೊರಹೋಗುವ ದಾರಿ ಮುಚ್ಚಿದರೆ ಕಣ್ಣಿನ ಒತ್ತಡ ಏರಿ ನರ ಕೆಡಿಸುವ ಗ್ಲಾಕೋಮಾ. ಮೋಸ ಎಲ್ಲಿ ಅಂದರೆ, ನೀರು ಸ್ರವಿಸುವ ಭಾಗವೂ ಹಸಿದಿರೋದರಿಂದ ಒತ್ತಡ ಅಳೆದರೆ ಮಾಮೂಲಿನಷ್ಟೇ ಬರಬಹುದು. ಕತ್ತಿನ ನಾಳ ತೆರೆದ ಮೇಲೆ ಅದೇ ಕಣ್ಣಿನ ಒತ್ತಡ ಏರಿಬಿಡೋದೂ ಉಂಟು. ಸಕ್ಕರೆ ಇರುವವರಲ್ಲಿ ಒಂದು ಕಣ್ಣಿನ ರೆಟಿನಾ ಮಾತ್ರ ಹೆಚ್ಚು ಕೆಟ್ಟಿದ್ದರೆ ಎಲ್ಲವನ್ನೂ ಸಕ್ಕರೆಯ ತಲೆಗೆ ಕಟ್ಟದೆ ಕತ್ತನ್ನೂ ನೋಡಬೇಕು. ಅತಿಯಾಯ್ತೇನೋ ಇದು, ನಿನಗೆ ಬರದೇ ಇರಲಿ.

ಅಲ್ಲಿ ಡಾಪ್ಲರ್ ಮಾಡುತ್ತಾರೆ. ಕತ್ತಿಗೆ ಜೆಲ್ ಹಚ್ಚಿ ರಕ್ತದ ವೇಗ ಅಳೆಯೋದು, ನೋವಿಲ್ಲ. ನಾಳ ಕಿರಿದಾದಷ್ಟೂ ವೇಗ ಏರುತ್ತೆ: ಸೆಕೆಂಡಿಗೆ 125 ಸೆಂ.ಮೀ. ದಾಟಿದರೆ ಅರ್ಧಕ್ಕಿಂತ ಹೆಚ್ಚು, 230 ದಾಟಿದರೆ ಶೇ. 70ಕ್ಕಿಂತ ಹೆಚ್ಚು ಕಿರಿದಾಗಿದೆ ಅಂತ ಲೆಕ್ಕ. ತೀರಾ ಎಳೆಯಷ್ಟೇ ಉಳಿದಿದ್ದರೆ ವೇಗ ಮತ್ತೆ ಬಿದ್ದು ರಿಪೋರ್ಟು ಸಮಾಧಾನ ಹೇಳಿಬಿಡುತ್ತೆ, ಆಗ ನಾಳಕ್ಕೆ ಬಣ್ಣದ ಔಷಧಿ ಬಿಟ್ಟು ಸ್ಕ್ಯಾನ್ ಮಾಡುವ ಸಿ.ಟಿ. ಆಂಜಿಯೋ ಬೇಕು. ಸ್ಟೆತಸ್ಕೋಪಿಗೆ ಕತ್ತಿನಲ್ಲಿ ಸದ್ದು ಕೇಳಿಸಲಿಲ್ಲ ಅನ್ನೋದೂ ಭರವಸೆಯಲ್ಲ. ಮಿದುಳಿನ ಎಂ.ಆರ್.ಐ. ಬೇಡ ಅನ್ನಬೇಡ, ಕಣ್ಣೊಂದೇ ಮಂಕಾದವರಲ್ಲೂ ಸದ್ದಿಲ್ಲದ ಸಣ್ಣ ಸ್ಟ್ರೋಕ್ ಸಿಗುತ್ತೆ. ಇ.ಸಿ.ಜಿ. ಯಾಕೆಂದರೆ ಚೂರು ಹೃದಯದಿಂದಲೂ ಬರಬಹುದು. ನಿನಗೆ ಐವತ್ತು ದಾಟಿದೆ, ಅಗಿಯುವಾಗ ದವಡೆ ನೋವು, ತಲೆ ಬಾಚಿದರೆ ನೋವು ಇದ್ದರೆ ಮುಚ್ಚಿಡದೆ ಹೇಳು. ಅದು ರಕ್ತನಾಳದ ಉರಿಯೂತದ ಬೇರೆಯೇ ಕಾಯಿಲೆ, ಔಷಧಿಯೂ ಬೇರೆ, ಉರಿಯೂತ ತೋರಿಸುವ ಇ.ಎಸ್.ಆರ್. ಮತ್ತು ಸಿ.ಆರ್.ಪಿ. ರಕ್ತಪರೀಕ್ಷೆ ಮಾಡಿಸಬೇಕು.

ಮಾತ್ರೆ ಏನು ಅಂತ ಅವರು ಹೇಳುತ್ತಾರೆ, ನಾನು ಮೂಗು ತೂರಿಸಬಾರದು. ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟದ ಹಾಗೆ ಆಸ್ಪಿರಿನ್ ಅಥವಾ ಕ್ಲೋಪಿಡೊಗ್ರೆಲ್, ಜೊತೆಗೆ ಕೊಲೆಸ್ಟರಾಲ್ ಇಳಿಸೋಕೆ ಅಟೋರ್ವಾಸ್ಟಾಟಿನ್ 40 ಅಥವಾ 80 ಮಿ.ಗ್ರಾಂ., ಕೆಟ್ಟ ಕೊಲೆಸ್ಟರಾಲ್ ಅನ್ನೋ ಎಲ್.ಡಿ.ಎಲ್. 70ರ ಕೆಳಗೆ ಬರೋ ಹಾಗೆ. ಬಿ.ಪಿ. ಹತೋಟಿಗೆ ಬರಬೇಕು, ಆದರೆ ನಾಳ ತುಂಬಾ ಕಿರಿದಾಗಿದ್ದರೆ ದಿಢೀರನೆ ಇಳಿಸಿದರೂ ಕಣ್ಣಿಗೆ ರಕ್ತ ಸಾಲದೆ ಹೋಗುತ್ತೆ. ನೀನಾಗೇ ಮಾತ್ರೆ ಹೆಚ್ಚಿಸಿಕೊಳ್ಳಬೇಡ.

ಕತ್ತಿನ ನಾಳ ತೆರೆದು ಆ ಕೊಬ್ಬಿನ ಪದರ ತೆಗೆಯೋ ಆಪರೇಷನ್ ಅಂದರೆ ಹೆದರುತ್ತೀಯ, ಗೊತ್ತು. ಶೇ. 70ಕ್ಕಿಂತ ಹೆಚ್ಚು ಕಿರಿದಾಗಿ ಹೀಗೆ ಸೂಚನೆ ಕೊಟ್ಟಿದ್ದರೆ ಅದರಿಂದ ಲಾಭ ದೊಡ್ಡದು. 1991ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಎರಡು ವರ್ಷದೊಳಗೆ ಆ ಪಕ್ಕದ ಸ್ಟ್ರೋಕ್ ಬರೀ ಔಷಧಿಯವರಲ್ಲಿ ಶೇ. 26, ಪದರ ತೆಗೆಸಿಕೊಂಡವರಲ್ಲಿ ಶೇ. 9. ಮಾಡುವುದಾದರೆ ಎರಡು ವಾರದೊಳಗೆ ಒಳ್ಳೆಯದು. ಶೇ. 50ರ ಕೆಳಗಿದ್ದರೆ ಅದರ ಮಾತೇ ಬೇಡ, ಪೂರ್ತಿ ಮುಚ್ಚಿಹೋಗಿದ್ದರೂ ಸಾಮಾನ್ಯವಾಗಿ ಮುಟ್ಟಲ್ಲ. ಕೈಕಾಲು ಸೋತವರಿಗಿಂತ ಕಣ್ಣು ಮಾತ್ರ ಮಂಕಾದವರಿಗೆ ಅಪಾಯ ಕಮ್ಮಿ, ಅದೂ ನಿಜ. ಬರೆಯಲೋ ಬೇಡವೋ ಅಂತ ಯೋಚಿಸಿದೆ, ಯಾಕೆಂದರೆ ಅದನ್ನೇ ಹಿಡಿದುಕೊಂಡು ನೀನು ಮನೆಗೆ ವಾಪಸು ಹೋಗೋ ಆಸಾಮಿ.

ಒಂದು ಮರೆತೆ. ಎಡಗಣ್ಣು ಅಂತ ಬರೆದಿದ್ದೀಯಲ್ಲ, ಆಗ ಒಂದೊಂದೇ ಕಣ್ಣು ಮುಚ್ಚಿ ನೋಡಿದ್ದೆಯಾ? ಎರಡೂ ಕಣ್ಣಿನ ಎಡ ಅರ್ಧ ಹೋದರೂ ಜನ ಎಡಗಣ್ಣು ಹೋಯ್ತು ಅಂತಲೇ ಹೇಳುತ್ತಾರೆ. ಹಾಗಿದ್ದರೆ ಅದು ಮಿದುಳಿನ ಬಲಭಾಗದ ಮಾತು, ಹುಡುಕಬೇಕಾದ ನಾಳವೇ ಬೇರೆ. ಡಾಕ್ಟರು ಕೇಳೇ ಕೇಳುತ್ತಾರೆ. ಮುಚ್ಚಿ ನೋಡಿರದಿದ್ದರೆ ನೋಡಲಿಲ್ಲ ಅಂತಲೇ ಹೇಳು, ಊಹಿಸಿ ಹೇಳಬೇಡ. ನಿನ್ನ ಹೆಸರು ಕರೆದ ತಕ್ಷಣ ನನಗೊಂದು ಮೆಸೇಜ್ ಹಾಕು, ನಾನು ಎದ್ದೇ ಇರುತ್ತೇನೆ.

ನಿನ್ನ ಅತ್ತೆ